ಅಜ್ಜನಿಗೂ ಮೊಮ್ಮಕ್ಕಳಿಗೂ ಒಂದೇ ಊಟ: ಹಮ್ಮಸ್, ಮಿನೆಸ್ಟ್ರೋನೆ ಮನೆಯಲ್ಲೇ ಮಾಡಿ



ಪುಣೆಯ ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಎರಡು ಥರದ ಊಟ ನಡೆಯುತ್ತಿತ್ತು. ಮಕ್ಕಳಿಗೆ ಮೊಬೈಲಿನಲ್ಲಿ ಆರ್ಡರ್ ಮಾಡಿ ತರಿಸಿದ ಪಾಸ್ತಾ, ಸೂಪು. ಧಾರವಾಡದಿಂದ ಬಂದಿರುವ ನಮ್ಮ ಮಾವನವರಿಗೆ ಬಿ.ಪಿ. ಇರುವುದರಿಂದ ಬೇರೆ ಸಪ್ಪೆ ಅಡುಗೆ. ಅವರು ಒಬ್ಬರೇ ಬೇಗ ಉಂಡು ಎದ್ದುಬಿಡುತ್ತಿದ್ದರು. ಊರು ಬಿಟ್ಟು ಬಂದ ಎಷ್ಟೋ ಮನೆಗಳಲ್ಲಿ ಹೀಗೇ ಇರಬಹುದು.

ಮಕ್ಕಳಿಗೆ "ವಿದೇಶಿ ಅಡುಗೆ ತಿನ್ನಬೇಡಿ" ಎಂದರೆ ಕೇಳುವುದಿಲ್ಲ, ಹಾಗೆ ಹೇಳುವ ಅಗತ್ಯವೂ ಇಲ್ಲ. ಈ ಅಡುಗೆಗಳಲ್ಲಿ ಅನೇಕವು ಅವರ ಊರಿನಲ್ಲಿ ಕಾಳು, ತರಕಾರಿ ಹಾಕಿ ದಿನನಿತ್ಯ ಮಾಡುವ ಸಾದಾ ಊಟವೇ. ತೊಂದರೆ ಇರುವುದು ಪೊಟ್ಟಣ ಮತ್ತು ಹೊರಗಿನ ಊಟದಲ್ಲಿ ಅಳತೆಯಿಲ್ಲದೆ ಸೇರುವ ಉಪ್ಪು, ಬೆಣ್ಣೆ, ಚೀಸ್‌ನಲ್ಲಿ. ಮೊದಲಿನಿಂದ ನಾವೇ ಮಾಡಿದರೆ ಉಪ್ಪಿನ ಚಮಚ ನಮ್ಮ ಕೈಯಲ್ಲಿರುತ್ತದೆ.

*ಉಪ್ಪಿನ ಲೆಕ್ಕ*

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಂದರೆ ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಉಪ್ಪಿನಕಾಯಿಯವರೆಗೆ ಎಲ್ಲ ಸೇರಿ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಪೊಟ್ಟಣದ ಮೇಲೆ "ಸೋಡಿಯಂ" ಎಂದು ಬರೆದಿರುತ್ತದೆ. 400 ಮಿಲಿಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು. ಮುಂದಿನ ಸಲ ಸೂಪಿನ ಪೊಟ್ಟಣ ಕೊಳ್ಳುವಾಗ ಈ ಲೆಕ್ಕ ಹಾಕಿ ನೋಡಿ.

*1. ಹಮ್ಮಸ್*

ಲೆಬನಾನ್, ಸಿರಿಯಾ, ಪ್ಯಾಲೆಸ್ಟೈನ್ ಕಡೆಯ ಮನೆಮಾತಾದ ಅಡುಗೆ. ಅರಬ್ಬಿ ಭಾಷೆಯಲ್ಲಿ ಹಮ್ಮಸ್ ಎಂದರೆ ಕಡಲೆ ಎಂದೇ ಅರ್ಥ. ಕಡಲೆಯ ಜೊತೆ ಸೇರುವ ಎಳ್ಳಿನ ಪೇಸ್ಟಿಗೆ ತಹಿನಿ ಎನ್ನುತ್ತಾರೆ. ಆ ಪದ "ರುಬ್ಬು" ಎಂಬ ಅರ್ಥದ ಮಾತಿನಿಂದ ಬಂದದ್ದು. ಕಡಲೆ, ಎಳ್ಳು, ಬೆಳ್ಳುಳ್ಳಿ, ನಿಂಬೆ: ಇದರಲ್ಲಿ ನಮಗೆ ಹೊಸದು ಯಾವುದೂ ಇಲ್ಲ.

ಬೇಕಾದ್ದು ಕಾಬೂಲ್ ಕಡಲೆ ಮತ್ತು ಬಿಳಿ ಎಳ್ಳು. ಮುಂಬೈ, ಪುಣೆ, ದೆಹಲಿಯಲ್ಲಿ ಕಾಬೂಲಿ ಚನಾ, ತಿಲ್ ಎಂದು ಕೇಳಿ. ಚೆನ್ನೈಯಲ್ಲಿ ವೆಳ್ಳೈ ಕೊಂಡೈಕಡಲೈ, ಎಳ್ಳು. ಹೈದರಾಬಾದಿನಲ್ಲಿ ಕಾಬೂಲಿ ಶೆನಗಲು, ನುವ್ವುಲು.

ಮಾಡುವ ಕ್ರಮ (6 ಜನಕ್ಕೆ):
• 1 ಕಪ್ ಕಡಲೆಯನ್ನು ರಾತ್ರಿ ಪೂರ್ತಿ ಹೆಚ್ಚು ನೀರಿನಲ್ಲಿ ನೆನೆಸಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿ 6-7 ಕೂಗು ಬರುವವರೆಗೆ ಬೇಯಿಸಿ. ಬೆರಳಿನಲ್ಲಿ ಒತ್ತಿದರೆ ಬೆಣ್ಣೆಯಂತೆ ಹಿಸುಕಬೇಕು. ಸೋಡಾ ಹಾಕಬೇಡಿ. ಕುಕ್ಕರಿದ್ದರೆ ಅದು ಬೇಕಾಗಿಲ್ಲ, ಅದರಿಂದ ಬಿ1 ವಿಟಮಿನ್ ಕೂಡ ಹಾಳಾಗುತ್ತದೆ.
• 4 ದೊಡ್ಡ ಚಮಚ ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ 2-3 ನಿಮಿಷ ಹುರಿಯಿರಿ. ಕೆಂಪಾದರೆ ಕಹಿಯಾಗುತ್ತದೆ. ಆರಿದ ಮೇಲೆ 2 ಚಮಚ ಎಣ್ಣೆ ಹಾಕಿ ನುಣ್ಣಗೆ ರುಬ್ಬಿ. ಇದೇ ತಹಿನಿ. ಅಂಗಡಿಯ ದುಬಾರಿ ಬಾಟಲಿ ಬೇಡ.
• ಅದಕ್ಕೆ 2 ಎಸಳು ಬೆಳ್ಳುಳ್ಳಿ, 2 ನಿಂಬೆಹಣ್ಣಿನ ರಸ, ಅರ್ಧ ಟೀ ಚಮಚ ಉಪ್ಪು ಸೇರಿಸಿ ಒಮ್ಮೆ ರುಬ್ಬಿ. ಆಮೇಲೆ ಬಿಸಿ ಹೋಗಿ ಬೆಚ್ಚಗಿರುವ ಕಡಲೆ ಹಾಕಿ. ಪೂರ್ತಿ ತಣ್ಣಗಾದ ಕಡಲೆ ತರಿತರಿಯಾಗುತ್ತದೆ. ಗಟ್ಟಿ ಎನಿಸಿದರೆ ಕಡಲೆ ಬೆಂದ ನೀರು ಬಳಸಿ.

ಒಬ್ಬರ ಪಾಲಿಗೆ ಬರುವ ಉಪ್ಪು ಸುಮಾರು ಅರ್ಧ ಗ್ರಾಂ ಮಾತ್ರ. ಉಪ್ಪು ಕಡಿಮೆ ಎಂದು ಗೊತ್ತಾಗದಂತೆ ನಿಂಬೆಯ ಹುಳಿ ನೋಡಿಕೊಳ್ಳುತ್ತದೆ. ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ನಿಂಬೆಯ ಸಿ ವಿಟಮಿನ್ ನೆರವಾಗುತ್ತದೆ. ಊಟವಾದ ತಕ್ಷಣ ಚಹಾ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ. ಒಂದು ಗಂಟೆ ತಡೆಯಿರಿ.

ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ ಇರುತ್ತದೆ. ಆದ್ದರಿಂದ ಒಬ್ಬರಿಗೆ 3-4 ಚಮಚ ಸಾಕು. ಜೋಳದ ರೊಟ್ಟಿ, ಚಪಾತಿ, ಸೌತೆಕಾಯಿ, ಗಜ್ಜರಿ ಜೊತೆ ತಿನ್ನಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು 3 ದಿನದೊಳಗೆ ಮುಗಿಸಿ.

*2. ಮಿನೆಸ್ಟ್ರೋನೆ*

ಇದು ಇಟಲಿಯ ತರಕಾರಿ ಸೂಪು. ಇದಕ್ಕೆ ಒಂದೇ ಪಾಕವಿಧಾನ ಅಂತ ಇಲ್ಲ. ಆಯಾ ಋತುವಿನ ತರಕಾರಿ, ಒಂದು ಕಾಳು, ಒಂದು ಹಿಡಿ ಪಾಸ್ತಾ ಅಥವಾ ಅಕ್ಕಿ. ನಮ್ಮಲ್ಲಿ ಫ್ರಿಜ್ಜಿನಲ್ಲಿ ಉಳಿದ ತರಕಾರಿಯನ್ನೆಲ್ಲ ಹಾಕಿ ಹುಳಿ ಮಾಡುವುದಿಲ್ಲವೇ, ಹಾಗೆ.

ಮಾಡುವ ಕ್ರಮ (6 ಜನಕ್ಕೆ):
• ಅರ್ಧ ಕಪ್ ರಾಜ್ಮಾ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಪೂರ್ತಿ ಮೆತ್ತಗೆ ಬೇಯಿಸಿ.
• ದಪ್ಪ ತಳದ ಪಾತ್ರೆಯಲ್ಲಿ 2 ದೊಡ್ಡ ಚಮಚ ಎಣ್ಣೆ. ಸಣ್ಣಗೆ ಹೆಚ್ಚಿದ ಈರುಳ್ಳಿ, ಗಜ್ಜರಿ, ಸಿಕ್ಕರೆ ಸೆಲರಿ ಹಾಕಿ ಸಣ್ಣ ಉರಿಯಲ್ಲಿ 10 ನಿಮಿಷ ಬಾಡಿಸಿ. ಇಟಲಿಯವರು ಇದಕ್ಕೆ ಸೊಫ್ರಿತ್ತೊ ಎನ್ನುತ್ತಾರೆ. ರುಚಿಯೆಲ್ಲ ಬರುವುದು ಇಲ್ಲಿಂದಲೇ, ಅವಸರ ಬೇಡ.
• ಬೆಳ್ಳುಳ್ಳಿ, 3 ಟೊಮೆಟೊ ಹಾಕಿ ಕರಗಲು ಬಿಡಿ. ಆಮೇಲೆ ಬೀನ್ಸ್, ಎಲೆಕೋಸು, ಸೋರೆಕಾಯಿ, ಒಂದು ಆಲೂಗಡ್ಡೆ. ಬೆಂದ ರಾಜ್ಮಾ, 5 ಕಪ್ ನೀರು ಸೇರಿಸಿ 25 ನಿಮಿಷ ಕುದಿಸಿ.
• ಒಂದು ಹಿಡಿ ಸಣ್ಣ ಪಾಸ್ತಾ ಹಾಕಿ ಬೇಯಿಸಿ. ಕೊನೆಗೆ ಪಾಲಕ್, ಮುಕ್ಕಾಲು ಟೀ ಚಮಚ ಉಪ್ಪು, ಮೆಣಸಿನ ಪುಡಿ. ಕುಂಡದಲ್ಲಿ ಕಾಮಕಸ್ತೂರಿ ಗಿಡವಿದ್ದರೆ ನಾಲ್ಕು ಎಲೆ ಹರಿದು ಹಾಕಿ. ಬೇಸಿಲ್ ಎಂದು ಮಾರುವುದು ಅದರ ಜಾತಿಯನ್ನೇ.

ಸೂಪಿನ ಕ್ಯೂಬ್ ಹಾಕಬೇಡಿ, ಅದರಲ್ಲಿ ಬಹುಪಾಲು ಉಪ್ಪೇ ಇರುತ್ತದೆ. ಇಟಲಿಯಲ್ಲಿ ಇದರ ಮೇಲೆ ಪಾರ್ಮೆಸಾನ್ ಚೀಸ್ ತುರಿಯುತ್ತಾರೆ. ಅಸಲಿ ಪಾರ್ಮೆಸಾನ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಸಸ್ಯಾಹಾರಿಗಳಿಗೆ ಇದು ತಿಳಿದಿರಲಿ. ಚೀಸ್ ಬಿಟ್ಟರೆ ರುಚಿಗೆ ಕೊರತೆಯಿಲ್ಲ, ಉಪ್ಪೂ ಉಳಿಯಿತು.

ಮರುದಿನ ಇದು ಗಟ್ಟಿಯಾಗಿ ಇನ್ನೂ ರುಚಿಯಾಗುತ್ತದೆ. ಟಸ್ಕನಿ ಪ್ರಾಂತ್ಯದಲ್ಲಿ ಉಳಿದ ಸೂಪಿಗೆ ಒಣ ಬ್ರೆಡ್ ಹಾಕಿ ಮತ್ತೆ ಕುದಿಸಿ "ರಿಬೊಲ್ಲಿತಾ" ಮಾಡುತ್ತಾರೆ. ಹೆಸರಿನ ಅರ್ಥವೇ "ಮತ್ತೆ ಕುದಿಸಿದ್ದು". ನಿನ್ನೆಯ ಹುಳಿಗೆ ಇಂದು ರುಚಿ ಹೆಚ್ಚು ಎಂಬುದು ಅವರಿಗೂ ಗೊತ್ತು!

*ಈ ಎಚ್ಚರಿಕೆಗಳನ್ನು ತಪ್ಪದೆ ಓದಿ*

⚠️ ಅರೆಬೆಂದ ರಾಜ್ಮಾ ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಆಗಬಹುದು. ಹಸಿ ಕಾಳಿನಲ್ಲಿರುವ ವಿಷದ ಅಂಶ ಚೆನ್ನಾಗಿ ಕುದಿದಾಗ ಮಾತ್ರ ಹೋಗುತ್ತದೆ. ಕಡಿಮೆ ಶಾಖದ ಸ್ಲೋ ಕುಕ್ಕರಿನಲ್ಲಿ ಹಸಿ ರಾಜ್ಮಾ ಬೇಯಿಸಬೇಡಿ.

⚠️ ಎಳ್ಳು ಕೆಲವರಿಗೆ ಅಲರ್ಜಿ. ಮಗುವಿಗೆ ಮೊದಲ ಸಲವಾದರೆ ಚೂರು ಕೊಟ್ಟು ನೋಡಿ. ತುಟಿ ಊದಿಕೊಂಡರೆ, ಉಸಿರಾಟಕ್ಕೆ ಕಷ್ಟವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

⚠️ ಕಿಡ್ನಿ ತೊಂದರೆ ಇರುವವರು ಕಾಳು, ಟೊಮೆಟೊ, ಪಾಲಕ್ ಎಷ್ಟು ತಿನ್ನಬಹುದೆಂದು ತಮ್ಮ ಡಾಕ್ಟರನ್ನು ಕೇಳಿ. "ಲೋ ಸೋಡಿಯಂ" ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ. ಅದನ್ನೂ ಕೇಳದೆ ಬಳಸಬೇಡಿ.

⚠️ ಉಪ್ಪು ಕಡಿಮೆ ಮಾಡಿದೆವೆಂದು ಬಿ.ಪಿ. ಮಾತ್ರೆ ನಿಲ್ಲಿಸಬೇಡಿ.

ನಮ್ಮ ಮನೆಯಲ್ಲಿ ಈಗ ಶನಿವಾರ ಕಾಳು ನೆನೆಸುವುದು ಮಗಳ ಕೆಲಸ, ಬೆಳ್ಳುಳ್ಳಿ ಸುಲಿಯುವುದು ಅವಳ ಅಜ್ಜನ ಕೆಲಸ. ಮೊದಲ ಸಲ ರೊಟ್ಟಿಗೆ ಹಮ್ಮಸ್ ಹಚ್ಚಿಕೊಂಡು ತಿಂದಾಗ ಮಾವನವರು, "ಇದೇನು, ಕಡ್ಲಿ ಚಟ್ನಿ ಐತಲ್ಲ! ಇದಕ್ಕ ಇಷ್ಟು ದಿನ ರೊಕ್ಕ ಕೊಟ್ಟು ತರಸ್ತಿದ್ರೇನು?" ಎಂದರು. ಮಗಳು ನಕ್ಕು ಇನ್ನೊಂದು ಚಮಚ ಬಡಿಸಿದಳು. ಈಗ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತೇವೆ.

ಈ ವಾರ ಎರಡರಲ್ಲಿ ಒಂದನ್ನು ಮಾಡಿ ನೋಡಿ. ನಿಮ್ಮ ಊರಿನ ಕನ್ನಡ ಬಳಗಕ್ಕೂ ಕಳಿಸಿ.