ನಿಮಗಿದು ಗೊತ್ತೆ? ಹೆಸರುಕಾಳಿನಷ್ಟಿದ್ದಾಗಲೇ ಬೆನ್ನುಹುರಿ

ಲಕ್ಷ್ಮೇಶ್ವರ ತಾಲ್ಲೂಕಿನ ಯಳವತ್ತಿಯ ಸುತ್ತ ಮುಂಗಾರಿಗೆ ಬಿತ್ತುವ ಹೆಸರಿನ ಒಂದು ಕಾಳನ್ನು ಅಂಗೈಯಲ್ಲಿಟ್ಟು ನೋಡಿ. ಗರ್ಭ ಕಟ್ಟಿದ 28ನೇ ದಿನಕ್ಕೆ ಭ್ರೂಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಮಿದುಳು, ಬೆನ್ನುಹುರಿ ಆಗಬೇಕಾದ ನರನಾಳ ಅಷ್ಟರಲ್ಲೇ ಮುಚ್ಚಿಕೊಂಡಿರಬೇಕು. ಮುಚ್ಚದಿದ್ದರೆ ಮಗು ಮಿದುಳು ಇಲ್ಲವೇ ಬೆನ್ನುಹುರಿಯ ದೋಷದೊಂದಿಗೆ ಹುಟ್ಟುತ್ತದೆ. ಎಷ್ಟೋ ತಾಯಂದಿರಿಗೆ ಆಗಿನ್ನೂ ಬಸಿರಾದದ್ದೇ ತಿಳಿದಿರುವುದಿಲ್ಲ!

ಹಾಗಾಗಿ ಈ ದೋಷ ತಡೆಯಲು ನೆರವಾಗುವ ಫೋಲಿಕ್ ಆ್ಯಸಿಡ್ ಮಾತ್ರೆಯನ್ನು ಗರ್ಭಕ್ಕೆ ಮೊದಲೇ ಶುರು ಮಾಡಬೇಕು. ದಿನಕ್ಕೆ 400 ಮೈಕ್ರೋಗ್ರಾಂ. ಇಂಥ ದೋಷವಿದ್ದ ಮಗುವನ್ನು ಹಿಂದೆ ಹೆತ್ತವರಿಗೆ ಹೆಚ್ಚಿನ ಪ್ರಮಾಣ ಬೇಕು, ಅದನ್ನು ವೈದ್ಯರೇ ಹೇಳಬೇಕು. ಅಂಥ ತಾಯಂದಿರಲ್ಲಿ ಈ ವಿಟಮಿನ್ ನರನಾಳದ ದೋಷ ಮರುಕಳಿಸುವುದನ್ನು 72% ತಗ್ಗಿಸಿತೆಂದು 1991ರ ಬ್ರಿಟನ್ ನೇತೃತ್ವದ ಅಧ್ಯಯನ ತೋರಿಸಿತು. ಹೆಸರುಕಾಳು, ಮೆಂತ್ಯ ಪಲ್ಯದಲ್ಲೂ ಇದೇ ವಿಟಮಿನ್, ಅಂದರೆ ಫೋಲೇಟ್, ಇದೆ. ಆದರೆ ಬೇಯಿಸಿದ ನೀರು ಚೆಲ್ಲಿದರೆ ಬಹಳಷ್ಟು ಅದರ ಜೊತೆಗೇ ಹೋಗುತ್ತದೆ.

ಹುಟ್ಟು ದೋಷಗಳಿಗೆ ಇನ್ನೊಂದು ಕಾರಣ ನಮ್ಮ ಕಳ್ಳುಬಳ್ಳಿಯಲ್ಲೇ ಇದೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ನವಜಾತ ಶಿಶುಗಳ ಅಧ್ಯಯನದಲ್ಲಿ ಸುಮಾರು ಮೂರರಲ್ಲೊಂದು ಮಗುವಿನ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. ಸೋದರಮಾವ ಮತ್ತು ಅಕ್ಕನ ಮಗಳಲ್ಲಿ ಸರಾಸರಿ ಕಾಲು ಭಾಗದಷ್ಟು ವಂಶವಾಹಿಗಳು ಒಂದೇ. ಒಂದೇ ಅಡಗಿದ ದೋಷ ಇಬ್ಬರಲ್ಲೂ ಇದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಇದರಲ್ಲಿ ತಾಯಿಯ ತಪ್ಪೂ ಇಲ್ಲ, ಗ್ರಹಣದ ನೆರಳೂ ಇಲ್ಲ. ಸಂಬಂಧದಲ್ಲಿ ಮದುವೆಯಾದವರು ಬಸಿರಿಗೆ ಮುಂಚೆಯೇ ವೈದ್ಯರಿಗೆ ಅದನ್ನು ಹೇಳಿ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ತಪಾಸಣೆಗೆ ಅಂಗನವಾಡಿಗೆ ವರ್ಷಕ್ಕೆರಡು ಸಲ ಬರಬೇಕು. ಸೀಳುತುಟಿ, ಸೊಟ್ಟಪಾದ, ಹುಟ್ಟು ಹೃದ್ರೋಗಗಳ ಚಿಕಿತ್ಸೆಯೂ ಅದರಡಿ ಉಚಿತ.