ಕುಂಡದಲ್ಲಿ ಆಲೂಗೆಡ್ಡೆ

ಆಲೂಗೆಡ್ಡೆಯನ್ನು ಅರಿಯದ ಅಡುಗೆಮನೆ ನಮ್ಮ ನಾಡಿನಲ್ಲಿ ಇಲ್ಲವೆಂದೇ ಹೇಳಬಹುದು. ಆದರೆ ಅದರ ಗಿಡವನ್ನು ಕಣ್ಣಾರೆ ಕಂಡವರು ಕಡಮೆ. ಹಿತ್ತಿಲಲ್ಲಿ ಒಂದು ಗಜ ನೆಲವಿಲ್ಲದವರೂ ದೊಡ್ಡ ಕುಂಡದಲ್ಲಿಯೋ ಗೋಣಿಚೀಲದಲ್ಲಿಯೋ ಇದನ್ನು ಬೆಳೆಯಬಹುದು. ಹೀಗೆ ಬೆಳೆಯಹೊರಟ ಕೆಲವರಿಗೆ ವಿಚಿತ್ರವಾದ ನಿರಾಶೆಯೊಂದು ಕಾದಿರುವುದುಂಟು. ಗಿಡ ಹುಲುಸಾಗಿ ಬೆಳೆದು ಎಲೆಗಳು ಕುಂಡವನ್ನೇ ಮರೆಮಾಡಿರುವುವು. ಆದರೆ ಮೂರು ತಿಂಗಳ ಬಳಿಕ ಮಣ್ಣನ್ನು ಸುರಿದು ನೋಡಿದರೆ, ಗೋಲಿಯ ಗಾತ್ರದ ನಾಲ್ಕಾರು ಗೆಡ್ಡೆಗಳ ಹೊರತು ಬೇರೇನೂ ಸಿಗದು. ನೀರಿಗೆ ಕೊರತೆಯಿರಲಿಲ್ಲ, ಗೊಬ್ಬರಕ್ಕೂ ಕೊರತೆಯಿರಲಿಲ್ಲ. ಹಾಗಾದರೆ ಕಾರಣವೇನು?

ಇದಕ್ಕೆ ಉತ್ತರ ಬೇಕಾದರೆ ಆಲೂಗೆಡ್ಡೆ ಎಂದರೇನು ಎಂಬುದನ್ನು ಮೊದಲು ತಿಳಿಯಬೇಕು. ಮಣ್ಣಿನೊಳಗೆ ಇರುವುದರಿಂದ ಅದನ್ನು ಬೇರೆಂದು ಭಾವಿಸುವವರೇ ಹೆಚ್ಚು. ಗೆಣಸು ಬೇರು ಹೌದು, ಆಲೂಗೆಡ್ಡೆಯಾದರೋ ಕಾಂಡ. ಒಂದು ಗೆಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿರಿ. ಅದರ ಮೇಲೆ ಅಲ್ಲಲ್ಲಿ ಸಣ್ಣ ಕುಳಿಗಳಿವೆ. ಇವೇ ಅದರ ಕಣ್ಣುಗಳು. ಒಂದೊಂದು ಕಣ್ಣಿನಲ್ಲಿಯೂ ಮೊಗ್ಗುಗಳು ಅಡಗಿವೆ; ಕಣ್ಣಿನ ಅಂಚಿನಲ್ಲಿ ಹುಬ್ಬಿನಂತೆ ಕಾಣುವ ಗೆರೆ ಎಲೆಯ ಗುರುತು. ಕೊಂಬೆಯ ಮೇಲೆ ಎಲೆಗಳು ಸುರುಳಿಯಾಗಿ ಜೋಡಣೆಗೊಂಡಿರುವಂತೆ ಈ ಕಣ್ಣುಗಳೂ ಗೆಡ್ಡೆಯ ಸುತ್ತ ಸುರುಳಿಯಾಗಿ ಸಾಗಿವೆ. ಗಿಡದ ಬುಡದಿಂದ, ಮಣ್ಣಿನೊಳಗೇ, ಬಿಳಿಯ ಕವಲುಗಳು ಅಡ್ಡಲಾಗಿ ಹೊರಡುವುವು. ಅವುಗಳ ತುದಿ ಉಬ್ಬಿ, ಎಲೆಗಳಲ್ಲಿ ತಯಾರಾದ ಸಕ್ಕರೆ ಅಲ್ಲಿ ಪಿಷ್ಟವಾಗಿ ಕೂಡಿಕೊಂಡಾಗ ಗೆಡ್ಡೆ ಸಿದ್ಧವಾಗುವುದು. ಅದೇ ಕವಲು ಬೆಳಕಿಗೆ ಬಂದರೆ ಗೆಡ್ಡೆಯಾಗದೆ ಹಸುರೆಲೆಯ ಕೊಂಬೆಯಾಗಿಬಿಡುವುದು.

ಕವಲಿನ ತುದಿ ಯಾವಾಗ ಉಬ್ಬಬೇಕೆಂಬ ಅಪ್ಪಣೆ ಎಲೆಗಳಿಂದ ಬರುವುದು. ಇರುಳು ದೀರ್ಘವಾಗಿ, ತಂಪಾಗಿ ಇರುವಾಗ ಎಲೆಗಳಲ್ಲಿ ಒಂದು ಪ್ರೋಟೀನು ಹುಟ್ಟಿ, ಸಕ್ಕರೆಯನ್ನು ಸಾಗಿಸುವ ನಾಳಗಳ ಮೂಲಕ ಕೆಳಗಿಳಿದು ಕವಲುಗಳನ್ನು ತಲಪುವುದು. ಎಸ್‌ಪಿ6ಎ ಎಂಬ ಹೆಸರಿನ ಈ ಪ್ರೋಟೀನಿನ ಪಾತ್ರವನ್ನು ವಿಜ್ಞಾನಿಗಳು 2011ರಲ್ಲಿ ಪ್ರಕಟಪಡಿಸಿದರು. ಸೆಖೆ ಹೆಚ್ಚಾದರೆ ಇದರ ಉತ್ಪತ್ತಿ ಕುಗ್ಗುವುದು. ಇನ್ನೊಂದು ಕಾರಣವೂ ಉಂಟು. ಸಸ್ಯಗಳು ಹಗಲಿರುಳೂ ಉಸಿರಾಡುವುವು. ಉಷ್ಣತೆ ಏರಿದಷ್ಟೂ ಆ ಉಸಿರಾಟದಲ್ಲಿ ಸಕ್ಕರೆ ಹೆಚ್ಚು ಹೆಚ್ಚಾಗಿ ವ್ಯಯವಾಗುವುದು. ಹಗಲಿನ ಗಳಿಕೆ ರಾತ್ರಿಯಲ್ಲಿ ಕರಗಿದರೆ ಗೆಡ್ಡೆಯಲ್ಲಿ ಕೂಡಿಡಲು ಉಳಿಯುವುದೇನು? ರಾತ್ರಿಯ ಉಷ್ಣತೆ 20 ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಸಾಮಾನ್ಯ ತಳಿಗಳಲ್ಲಿ ಗೆಡ್ಡೆ ಕಟ್ಟುವುದು ಬಹಳವಾಗಿ ಕುಂದುತ್ತದೆ. ಹುಲುಸಾದ ಗಿಡದ ಕೆಳಗೆ ಬರಿಯ ಮಣ್ಣೇ ಉಳಿದ ಒಗಟಿಗೆ ಇದೇ ಉತ್ತರ. ಆಲೂಗೆಡ್ಡೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಸಸ್ಯ. ತವರಿನ ತಂಪಾದ ಇರುಳನ್ನು ಅದು ಇಂದಿಗೂ ಮರೆತಿಲ್ಲ.

ಈ ನಿಯಮವನ್ನು ಬೀದರ ಜಿಲ್ಲೆಯ ಹುಮನಾಬಾದಿನ ಬಳಿಯ ಮಾಣಿಕನಗರಕ್ಕೆ ಅನ್ವಯಿಸಿ ನೋಡೋಣ. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಮೇಲಿರುವ ಈ ಪ್ರದೇಶದಲ್ಲಿ ಬೇಸಗೆಯ ಹಗಲು 40 ಡಿಗ್ರಿಯನ್ನು ಮುಟ್ಟುವುದು. ಮಳೆಗಾಲದ ಆರಂಭದಲ್ಲಿಯೂ ರಾತ್ರಿಗಳು 20 ಡಿಗ್ರಿಗಿಂತ ಬೆಚ್ಚಗೇ ಇರುವುವು. ಹಾಸನದ ರೈತರು ಮುಂಗಾರಿನಲ್ಲಿ ಆಲೂಗೆಡ್ಡೆ ಹಾಕುವರಲ್ಲವೆ, ನಾವೂ ಜೂನಿನಲ್ಲಿಯೇ ಹಾಕೋಣ ಎಂದು ಮಾಣಿಕನಗರದವರು ಹೊರಟರೆ ಫಲವಿಲ್ಲ. ಹಾಸನ ಇನ್ನೂ ಎತ್ತರದ ನಾಡು. ಅಲ್ಲಿ ಮೋಡ ಕವಿದ ಮಳೆಗಾಲವೇ ತಂಪುಕಾಲ. ಮಾಣಿಕನಗರದಲ್ಲಿ ತಂಪು ಬರುವುದು ಹಿಂಗಾರಿನಲ್ಲಿ. ಡಿಸೆಂಬರ್ ಜನವರಿಗಳಲ್ಲಿ ಇಲ್ಲಿಯ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದು. ಹಗಲಿನ ಅವಧಿಯೂ ಸುಮಾರು ಹನ್ನೊಂದು ಗಂಟೆಗೆ ಕುಗ್ಗುವುದು. ಆದುದರಿಂದ ಅಕ್ಟೋಬರ್ ಎರಡನೆಯ ಭಾಗದಿಂದ ನವೆಂಬರ್ ಮೊದಲ ವಾರದೊಳಗೆ ನಾಟಿ ಮುಗಿಯಬೇಕು. ಮಾರ್ಗಶಿರದ ಹುಣ್ಣಿಮೆಗೆ ದತ್ತಜಯಂತಿಯ ಉತ್ಸವಕ್ಕಾಗಿ ಮಾಣಿಕಪ್ರಭುಗಳ ಸಂಸ್ಥಾನದಲ್ಲಿ ಜನ ನೆರೆಯುವ ವೇಳೆಗೆ ಮಣ್ಣಿನೊಳಗೆ ಕವಲುಗಳ ತುದಿ ಉಬ್ಬತೊಡಗಿರುವುದು. ಜನವರಿಯ ಕೊನೆಗೋ ಫೆಬ್ರವರಿಯ ಮೊದಲಿಗೋ, ಬಿಸಿಲು ಬಲಿಯುವ ಮುನ್ನವೇ, ಬೆಳೆ ಕೈಗೆ ಬರುವುದು.

ಇನ್ನು ಪಾತ್ರೆಯ ವಿಚಾರ. ಬೀದರ ಸೀಮೆಯಲ್ಲಿ ಕಪ್ಪು ಎರೆಮಣ್ಣೂ ಜಂಬಿಟ್ಟಿಗೆಯ ಕೆಂಪು ಮಣ್ಣೂ ಉಂಟು. ಎರೆಮಣ್ಣು ನೀರು ಕುಡಿದು ಉಬ್ಬುವುದು, ಒಣಗಿದಾಗ ಬಿರಿಯುವುದು. ಗೆಡ್ಡೆ ಹಿಗ್ಗಲು ಅದರಲ್ಲಿ ಸಡಿಲವಿಲ್ಲ. ಕುಂಡದಲ್ಲಾದರೋ ಮಣ್ಣನ್ನು ನಾವೇ ಹದಗೊಳಿಸಬಹುದು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವೆರಡನ್ನು ಸಮವಾಗಿ ಬೆರಸಿ ಸ್ವಲ್ಪ ಮರಳು ಸೇರಿಸಿದರೆ ಸಾಕು. ಆದರೆ ಕುಂಡಕ್ಕೆ ಒಂದು ದೋಷವೂ ಉಂಟು. ಹೊಲದಲ್ಲಿ ಒಂದು ಅಡಿ ಆಳದ ಮಣ್ಣಿಗೆ ಮಧ್ಯಾಹ್ನದ ಬಿಸಿಲು ಅಷ್ಟಾಗಿ ತಟ್ಟದು. ಕುಂಡವಾದರೋ ಸುತ್ತಲಿಂದಲೂ ಕಾಯುವುದು. ಕಪ್ಪು ಪ್ಲಾಸ್ಟಿಕ್ ಡಬ್ಬಿ ಎಲ್ಲಕ್ಕಿಂತ ಬೇಗ ಕಾಯುವುದು. ಮಣ್ಣಿನ ಕುಂಡವೂ ಗೋಣಿಚೀಲವೂ ಇದಕ್ಕಿಂತ ಮೇಲು. ಕುಡಿಯುವ ನೀರಿನ ಮಡಕೆಯಂತೆ ಅವುಗಳ ಮೈಯಿಂದ ತೇವ ಆವಿಯಾಗಿ ಒಳಗಿನ ಮಣ್ಣು ತಂಪಾಗಿರುವುದು. ಹಳೆಯ ಬಕೆಟ್ಟೇ ಗತಿಯಾದರೆ ಹೊರಮೈಗೆ ಸುಣ್ಣ ಬಳಿದು, ತಳದಲ್ಲಿ ನಾಲ್ಕೈದು ತೂತು ಕೊರೆಯಬೇಕು. ಗಿಡವೊಂದಕ್ಕೆ ಹತ್ತರಿಂದ ಹದಿನೈದು ಲೀಟರ್ ಮಣ್ಣು ಬೇಕು. ಎಲೆಗಳಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲಿರಲಿ; ಪಾತ್ರೆಯ ಮೈಗೆ ಮಾತ್ರ ಒಂದು ಹಲಗೆಯನ್ನೋ ಇಟ್ಟಿಗೆಯ ಸಾಲನ್ನೋ ಮರೆಕಟ್ಟುವುದು ಲೇಸು.

ಬಿತ್ತನೆಗೆ ರೋಗವಿಲ್ಲದ, ಕೋಳಿಮೊಟ್ಟೆಯಷ್ಟು ದಪ್ಪದ ಇಡಿಯ ಗೆಡ್ಡೆಗಳನ್ನು ಆರಿಸಬೇಕು. ಕತ್ತರಿಸಿದ ಹೋಳುಗಳು ಬೆಚ್ಚನೆಯ ಮಣ್ಣಿನಲ್ಲಿ ಬೇಗ ಕೊಳೆಯುವುವು. ಅವನ್ನು ಎರಡು ಮೂರು ವಾರ ಮಂದ ಬೆಳಕಿನಲ್ಲಿ ಹರಡಿದರೆ ಗಿಡ್ಡನೆಯ ಗಟ್ಟಿ ಮೊಳಕೆಗಳು ಮೂಡುವುವು. ಕುಂಡವನ್ನು ಮೊದಲು ಅರ್ಧಕ್ಕೆ ಮಾತ್ರ ತುಂಬಿ, ನಾಲ್ಕು ಅಂಗುಲ ಆಳದಲ್ಲಿ ಗೆಡ್ಡೆಯನ್ನಿಡಬೇಕು. ಗಿಡ ಒಂದು ಗೇಣು ಬೆಳೆದ ಬಳಿಕ ಬುಡಕ್ಕೆ ಮಣ್ಣೇರಿಸುತ್ತ ಬರಬೇಕು. ಕವಲುಗಳನ್ನು ಕತ್ತಲಲ್ಲಿ ಇಡುವುದೇ ಇದರ ಉದ್ದೇಶ. ಆಳೆತ್ತರದ ಪೀಪಾಯಿಯಲ್ಲಿ ಮಣ್ಣೇರಿಸುತ್ತ ಹೋದರೆ ಅಂತಸ್ತು ಅಂತಸ್ತಾಗಿ ಗೆಡ್ಡೆ ತುಂಬುವುದೆಂಬ ನಂಬಿಕೆಯೊಂದುಂಟು. ಬೇಗ ಬಲಿಯುವ ತಳಿಗಳಲ್ಲಿ ಕವಲುಗಳು ಕಾಂಡದ ಬುಡದ ಕೆಲವೇ ಗಿಣ್ಣುಗಳಿಂದ ಹೊರಡುವುದರಿಂದ ಅದು ವ್ಯರ್ಥ ಶ್ರಮ.

ಕುಂಡದ ಮಣ್ಣು ಬೇಗ ಒಣಗುವುದು. ಒಂದು ದಿನ ಬರ, ಮರುದಿನ ಪ್ರವಾಹ ಎಂಬಂತೆ ನೀರುಣಿಸಿದರೆ ಗೆಡ್ಡೆಗಳು ಸೀಳುವುವು. ಬೆರಳನ್ನು ಮಣ್ಣಿಗಿಳಿಸಿ ತೇವ ನೋಡಿ ನೀರೆರೆಯುವುದು ಒಳ್ಳೆಯದು. 1845ರಲ್ಲಿ ಐರ್ಲೆಂಡಿನ ಬೆಳೆಯನ್ನು ನಾಶಮಾಡಿ ಭೀಕರ ಕ್ಷಾಮವನ್ನು ತಂದ ಅಂಗಮಾರಿ ರೋಗ ಹಾಸನದ ರೈತರನ್ನೂ ಕಾಡುತ್ತದೆ. ಎಲೆಗಳು ತಂಪಾಗಿ ಒದ್ದೆಯಾಗಿಯೇ ಇದ್ದಾಗ ಅದು ಹಬ್ಬುವುದು. ಮಾಣಿಕನಗರದ ಒಣ ಚಳಿಗಾಲ ಈ ದೃಷ್ಟಿಯಿಂದ ವರವೇ ಸರಿ. ಆದರೂ ನೀರನ್ನು ಎಲೆಗಳ ಮೇಲೆ ಹುಯ್ಯದೆ ಬುಡಕ್ಕೆ ಎರೆಯಬೇಕು. ಬದನೆ, ಟೊಮೇಟೊ, ಮೆಣಸಿನಕಾಯಿ ಇವೆಲ್ಲ ಆಲೂಗೆಡ್ಡೆಯ ಕುಲದವೇ ಆದುದರಿಂದ, ಅವನ್ನು ಬೆಳೆದ ಮಣ್ಣನ್ನು ಇದಕ್ಕೆ ಬಳಸಬಾರದು.

ಒಂದು ಎಚ್ಚರಿಕೆ ಅತ್ಯಗತ್ಯ. ಮಣ್ಣು ಸರಿದು ಬಿಸಿಲಿಗೆ ಬಿದ್ದ ಗೆಡ್ಡೆ ಹಸುರಾಗುವುದು. ಆ ಹಸುರು ಪತ್ರಹರಿತ್ತು, ಅದರಿಂದ ಹಾನಿಯಿಲ್ಲ. ಆದರೆ ಬೆಳಕು ತಾಗಿದ ಗೆಡ್ಡೆಯಲ್ಲಿ ಜೊತೆಗೇ ಸೊಲನೀನ್, ಚಾಕೊನೀನ್ ಎಂಬ ವಿಷಗಳೂ ಹೆಚ್ಚುವುವು. ಬೇಯಿಸಿದರೂ ಇವು ನಾಶವಾಗವು. ಹಸುರಾದ, ಕಹಿಯಾದ ಗೆಡ್ಡೆಯನ್ನು ಎಸೆಯಬೇಕು. ಗಿಡದಲ್ಲಿ ಪುಟ್ಟ ಟೊಮೇಟೊವಿನಂತಹ ಕಾಯಿಗಳು ಬಿಟ್ಟರೆ ಅವೂ ವಿಷವೆಂದು ಮನೆಯ ಮಕ್ಕಳಿಗೆ ತಿಳಿಸಿಡಬೇಕು.

ಎಲೆಗಳು ಹಳದಿಗೊಂಡು ಒಣಗಿದ ಮೇಲೆ ನೀರನ್ನು ನಿಲ್ಲಿಸಿ, ಹತ್ತು ದಿನ ಬಿಟ್ಟು ಕುಂಡವನ್ನು ಬೋರಲು ಹಾಕಿದರೆ ಬೆಳೆ ಸಿಗುವುದು. ಗಿಡವೊಂದಕ್ಕೆ ಅರ್ಧ ಕಿಲೋಗ್ರಾಮ್ ಬಂದರೂ ತೃಪ್ತಿಪಡಬಹುದು. ವಿದ್ಯಾರ್ಥಿಗಳು ಇದನ್ನೇ ಒಂದು ಪ್ರಯೋಗವನ್ನಾಗಿ ಮಾಡಬಹುದು. ಒಂದೇ ಬಗೆಯ ಕುಂಡ, ಒಂದೇ ಮಣ್ಣು, ಒಂದೇ ತಳಿಯನ್ನು ತೆಗೆದುಕೊಂಡು ಅಕ್ಟೋಬರಿನಲ್ಲಿ ಮೂರು ಕುಂಡಗಳನ್ನೂ ಫೆಬ್ರವರಿಯಲ್ಲಿ ಮೂರು ಕುಂಡಗಳನ್ನೂ ನೆಟ್ಟು, ರಾತ್ರಿಯ ಕನಿಷ್ಠ ಉಷ್ಣತೆಯನ್ನು ಪ್ರತಿದಿನವೂ ಬರೆದಿಡಿರಿ. ಕಡೆಗೆ ಎಲೆ ಕಾಂಡಗಳ ತೂಕವನ್ನೂ ಗೆಡ್ಡೆಗಳ ತೂಕವನ್ನೂ ಬೇರೆ ಬೇರೆಯಾಗಿ ತೂಗಿ ಹೋಲಿಸಿರಿ.

ಈ ಹೋಲಿಕೆಯ ಮಹತ್ತ್ವ ಹಿತ್ತಿಲಿನಿಂದಾಚೆಗೂ ಉಂಟು. ಭೂಮಿ ಬಿಸಿಯೇರುತ್ತಿರುವ ಈ ಕಾಲದಲ್ಲಿ ರಾತ್ರಿಗಳೂ ಬೆಚ್ಚಗಾಗುತ್ತಿವೆ. 1949ರಲ್ಲಿ ಪಾಟ್ನಾದಲ್ಲಿ ಆರಂಭವಾಗಿ 1956ರಲ್ಲಿ ಶಿಮ್ಲಾಕ್ಕೆ ಸಾಗಿದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ, ಸೆಖೆಯನ್ನು ಸಹಿಸಬಲ್ಲ ಕುಫ್ರಿ ಸೂರ್ಯ ಎಂಬ ತಳಿಯನ್ನು 2006ರಲ್ಲಿ ಹೊರತಂದಿತು. ರಾತ್ರಿಯ ಉಷ್ಣತೆ 20 ಡಿಗ್ರಿಯಿದ್ದರೂ ಅದು ಗೆಡ್ಡೆ ಕಟ್ಟಬಲ್ಲುದು. ಅದರ ಬೀಜ ದೊರೆತರೆ ನಿಮ್ಮ ಪ್ರಯೋಗದಲ್ಲಿ ಅದಕ್ಕೂ ಮೂರು ಕುಂಡಗಳನ್ನು ಮೀಸಲಿಡಿರಿ.