ನಿಮಗಿದು ಗೊತ್ತೇ? ಬೆಟ್ಟ ಹತ್ತುವ ಮೊದಲೇ ಚಳಿಯ ಲೆಕ್ಕ!

ಗಾಳಿಗೆ ಬಿಸಿ ತಟ್ಟುವುದು ಹೆಚ್ಚಾಗಿ ಕಾದ ನೆಲದಿಂದ, ನೇರ ಬಿಸಿಲಿನಿಂದಲ್ಲ. ಮೇಲೇರಿದ ಗಾಳಿ ಒತ್ತಡ ತಗ್ಗಿ ಹಿಗ್ಗುತ್ತದೆ, ಹಿಗ್ಗುತ್ತಲೇ ತಣಿಯುತ್ತದೆ. ಉಷ್ಣತೆಯ ಸರಾಸರಿ ಇಳಿಕೆ 1,000 ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್.

ಅಲ್ಲಿಂದ ಮುಂದಿನದು ಬರೀ ತ್ರೈರಾಶಿ. ಬೆಂಗಳೂರಿನ ಎತ್ತರ ಸುಮಾರು 920 ಮೀ., ನಂದಿಬೆಟ್ಟದ್ದು 1,478 ಮೀ. ವ್ಯತ್ಯಾಸ 558. ಸಾವಿರಕ್ಕೆ ಆರೂವರೆಯಾದರೆ 558ಕ್ಕೆಷ್ಟು? 558 × 6.5 ÷ 1,000 = 3.6. ಊರಲ್ಲಿ 28 ಡಿಗ್ರಿ ಇದ್ದರೆ ಬೆಟ್ಟದ ಮೇಲೆ 24ರ ಆಸುಪಾಸು.

ಈ ತ್ರೈರಾಶಿಗೆಂದೇ ‘ಗಣಿತಸಾರಸಂಗ್ರಹ’ ಗ್ರಂಥದಲ್ಲಿ ಒಂದು ಅಧ್ಯಾಯವಿದೆ. ಬರೆದವರು ದೊರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ, 9ನೇ ಶತಮಾನದಲ್ಲಿ.

ಬೆಟ್ಟದ ಲೆಕ್ಕದಲ್ಲಿ ಜಾರುವುದು ಎಲ್ಲಿ ಗೊತ್ತೇ? ಅನುಪಾತ ಇರುವುದು ಇಳಿಕೆಗೆ, ಉಷ್ಣತೆಗಲ್ಲ. 920 ಮೀಟರಿನಲ್ಲಿ 30 ಡಿಗ್ರಿ ಇದ್ದರೆ ಎರಡರಷ್ಟು ಎತ್ತರದಲ್ಲಿ 15 ಆಗುವುದಿಲ್ಲ. 6 ಕಳೆದು 24 ಆಗುತ್ತದೆ. ಎತ್ತರವನ್ನೂ ಹಾಗೆಯೇ: ಬೆಟ್ಟದ ಪೂರ್ತಿ ಎತ್ತರವನ್ನಲ್ಲ, ಎರಡು ಜಾಗಗಳ ವ್ಯತ್ಯಾಸವನ್ನು ಹಿಡಿಯಬೇಕು. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ.

6.5 ಬರೀ ಸರಾಸರಿ. ಒಣ ಗಾಳಿ ಮೇಲೇರಿದರೆ ಕಿಲೋಮೀಟರಿಗೆ 9.8 ಡಿಗ್ರಿ ತಣಿಯುತ್ತದೆ. ಮಳೆಗಾಲದಲ್ಲಿ ಪಶ್ಚಿಮ ಘಟ್ಟ ಏರುವ ತೇವದ ಗಾಳಿಯದು ಇದರ ಅರ್ಧದಷ್ಟೇ. ಆವಿ ಹನಿಗಟ್ಟುವಾಗ ಬಿಟ್ಟುಕೊಡುವ ಶಾಖ ತಣಿಯುವುದನ್ನು ತಗ್ಗಿಸುತ್ತದೆ.

ಲೆಕ್ಕ ತಲೆಕೆಳಗಾಗುವುದೂ ಉಂಟು. ಚಳಿಗಾಲದ ರಾತ್ರಿ ಊಟಿಯ ಕಡೆ ತಣ್ಣನೆಯ ಭಾರದ ಗಾಳಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಬೆಳಗ್ಗೆ ನೋಡಿದರೆ ಕಣಿವೆಯ ಹುಲ್ಲಿನ ಮೇಲೆ ಬಿಳಿ ಹಿಮ, ಮೇಲಿನ ಇಳಿಜಾರು ಅದಕ್ಕಿಂತ ಬೆಚ್ಚಗೆ!

ಆಕಾಶದಲ್ಲೂ ಈ ಇಳಿಕೆಗೊಂದು ಗಡಿಯಿದೆ. ವಿಮಾನ ತಂತ್ರಜ್ಞರು ಬಳಸುವ ಮಾದರಿ ವಾತಾವರಣದಲ್ಲಿ ಸಮುದ್ರ ಮಟ್ಟಕ್ಕೆ 15 ಡಿಗ್ರಿ, 11 ಕಿ.ಮೀ.ಗೆ ಮೈನಸ್ 56.5. ಆಮೇಲೆ ಇಳಿಕೆ ನಿಲ್ಲುತ್ತದೆ. ತ್ರೈರಾಶಿಯನ್ನೇ ನಂಬಿ ಹೋದರೆ 20 ಕಿ.ಮೀ.ಯಲ್ಲಿ ಮೈನಸ್ 115 ಬರುತ್ತದೆ. ಮಾದರಿಯಲ್ಲಿರುವುದು ಅದೇ ಮೈನಸ್ 56.5. ಈ ಗಡಿಯನ್ನು ಬಲೂನು ಹಾರಿಬಿಟ್ಟು ಪತ್ತೆಹಚ್ಚಿ 1902ರಲ್ಲಿ ಜಗತ್ತಿಗೆ ಸಾರಿದವರು ಫ್ರಾನ್ಸಿನ ಲಿಯೋನ್ ಟೆಸ್ರೆನ್ಕ್ ದ ಬೋರ್.

ನೀರು ಕುದಿಯುವುದಕ್ಕೂ ಹೀಗೊಂದು ಲೆಕ್ಕವುಂಟು: ಹೆಚ್ಚುಕಡಿಮೆ 300 ಮೀಟರಿಗೆ 1 ಡಿಗ್ರಿ ಕಡಿಮೆ. ಸುಮಾರು 3,500 ಮೀ. ಎತ್ತರದ ಲೇಹ್‌ನಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. ಅಲ್ಲಿ ಬೇಳೆ ಬೇಯಬೇಕೆಂದರೆ ಕುಕ್ಕರ್ ಇರಲೇಬೇಕು.

ನಿಮ್ಮೂರಿನ ಎತ್ತರ ಎಷ್ಟು? ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಮುಂದಿನ ಬಾರಿ ಬೆಟ್ಟಕ್ಕೆ ಹೊರಡುವ ಮುನ್ನ ಅದನ್ನು ನೋಡಿ ಲೆಕ್ಕ ಹಾಕಿ, ಸ್ವೆಟರ್ ಬೇಕೋ ಬೇಡವೋ ನೀವೇ ತೀರ್ಮಾನಿಸಿ.